ಕುರಿಗಾಹಿ ತೋರಿದ ಕಲ್ಲಿನ ಊರು

ಹಂಪಿಗೆ ಬರುವವರು ಈಚೆಗೆ ತುಂಗಭದ್ರೆಯ ಎಡದಂಡೆಯನ್ನೂ ನೋಡತೊಡಗಿದ್ದಾರೆ. ಆನೆಗೊಂದಿಯ ಕೋಟೆ, ಅಂಜನಾದ್ರಿಯ ಮೆಟ್ಟಿಲು, ಪಂಪಾ ಸರೋವರ, ಸಣಾಪುರದ ಕೆರೆ. ಇಷ್ಟಕ್ಕೆ ಈ ದಂಡೆಯ ಪ್ರವಾಸ ಮುಗಿಯುತ್ತದೆ. ಅಲ್ಲಿಂದ ಗಂಗಾವತಿಗೆ ಹೋದರೆ, ಪಟ್ಟಣದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಎಂಬ ಊರಿದೆ. ಅದರ ಬೆನ್ನಿಗಿರುವ ಬೆಟ್ಟಸಾಲಿನ ನೆತ್ತಿಯಲ್ಲಿ ನಾನೂರರಷ್ಟು ಕಲ್ಗೋರಿಗಳಿವೆ. 1336ರಲ್ಲಿ ವಿಜಯನಗರ ಹುಟ್ಟಿತೆಂದು ಶಾಲೆಯಲ್ಲಿ ಓದಿದ್ದೇವೆ. ಈ ಕಲ್ಲುಗಳು ಎದ್ದುನಿಂತದ್ದು ಅದಕ್ಕೂ ಸಾವಿರದ ಐನೂರರಿಂದ ಎರಡು ಸಾವಿರ ವರ್ಷ ಮೊದಲು. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಇಷ್ಟು ದೊಡ್ಡ, ಇಷ್ಟು ಗಟ್ಟಿಯಾಗಿ ಉಳಿದುಕೊಂಡ ನೆಲೆಗಳು ಬೆರಳೆಣಿಕೆಯಷ್ಟು ಮಾತ್ರ.

ಈ ಬೆಟ್ಟಕ್ಕೆ ನನ್ನನ್ನು ಕರೆದೊಯ್ದವರು ಒಬ್ಬ ಕುರಿಗಾಹಿ. ಗಂಗಾವತಿಯಿಂದ ಕೊಪ್ಪಳದ ಗವಿಮಠಕ್ಕೆ ಹೊರಟಿದ್ದ ನಾನು ಊರಿನ ಹತ್ತಿರ ಚಹಾ ಕುಡಿಯಲು ನಿಂತಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಪಕ್ಕದ ಕಟ್ಟೆಯಲ್ಲಿ ಕೂತಿದ್ದರು. ಅವರ ಕುರಿಹಿಂಡು ರಸ್ತೆಯಾಚೆಯ ಕೂಳೆ ಗದ್ದೆಯಲ್ಲಿ ಮೇಯುತ್ತಿತ್ತು.

“ಯಾವೂರ್ ಆತು ತಮ್ಮಾ? ಹಂಪಿ ನೋಡಾಕ ಬಂದೀರೇನು?” ಎಂದು ಮಾತಿಗೆಳೆದರು.

ಹಂಪಿ ನೋಡಿಯಾಯಿತು, ಗವಿಮಠದ ಅಶೋಕನ ಶಾಸನ ನೋಡಲು ಹೋಗುತ್ತಿದ್ದೇನೆ ಎಂದೆ.

“ಹಳೇದು ನೋಡೋ ಆಸೆ ಇದ್ರ ಮ್ಯಾಲ ನೋಡು,” ಎಂದು ಕೋಲೆತ್ತಿ ಬೆಟ್ಟ ತೋರಿಸಿದರು. “ಅಲ್ಲಿ ಮೋರೇರ ಮನಿ ಅದಾವ. ಹಂಪಿ ಅರಸರಿಗಿಂತ ಹಿಂದ ಇದ್ದವ್ರು ಅವ್ರು. ನಮ್ಮ ಮುತ್ಯಾನ ಮುತ್ಯಾ ಹುಟ್ಟೋಕಿಂತ ಮೊದ್ಲ ಅವು ಹಂಗ ನಿಂತಾವ.”

ಗವಿಮಠದ ಪ್ರಯಾಣ ಮರುದಿನಕ್ಕೆ ಹೋಯಿತು. ಹಿಂಡನ್ನು ಮೊಮ್ಮಗನಿಗೆ ಒಪ್ಪಿಸಿದ ಅಜ್ಜ ನನ್ನ ಜೊತೆಗೆ ಹೊರಟರು.

ಬೆಟ್ಟದ ಮೇಲಿನ ಓಣಿಗಳು

ಸ್ಥಳೀಯರು ಈ ಸಾಲಿಗೆ ಏಳು ಗುಡ್ಡಗಳು ಎನ್ನುತ್ತಾರೆ. ಕಲ್ಗೋರಿಗಳಿರುವ ಭಾಗಕ್ಕೆ ಮೋರ್ಯರ ಗುಡ್ಡವೆಂದು ಹೆಸರು. ಕೆಳಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಹಸಿರು ಭತ್ತದ ಬಯಲು. ಕಾಲು ಮೇಲಿಟ್ಟೊಡನೆ ಲೋಕವೇ ಬೇರೆ: ಕುರುಚಲು ಗಿಡ, ಒಣಹುಲ್ಲು, ಒಂದರ ಮೇಲೊಂದು ಒರಗಿದ ಬಂಡೆ. ಇವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಬಂಡೆಗಳು. ಹಂಪಿಯ ದೇಗುಲಗಳಿಗೂ ಇಂಥವೇ ಕಲ್ಲು ಒದಗಿವೆ. ದಾರಿ ಎಂಬುದು ಕುರಿ, ಮೇಕೆಗಳ ಜಾಡು ಮಾತ್ರ. ಗೊತ್ತಿದ್ದವರು ಮುಂದೆ ನಡೆಯದಿದ್ದರೆ ಬಂಡೆಗಳ ನಡುವೆ ದಿಕ್ಕೇ ತಿಳಿಯುವುದಿಲ್ಲ. “ಚಿರತಿ, ಕರಡಿ ಅದಾವ, ಹೊತ್ತು ಮುಳುಗೋದ್ರಾಗ ಇಳೀಬೇಕು” ಎಂದು ಅಜ್ಜ ಮೊದಲೇ ಎಚ್ಚರಿಸಿದ್ದರು.

ಒಂದು ತಾಸಿನ ಏರು ಮುಗಿದಾಗ ಬೆಟ್ಟದ ನೆತ್ತಿ ಸಮತಟ್ಟಾಯಿತು. ಕಲ್ಲಿನ ಊರೊಂದು ಎದುರಿಗಿತ್ತು. ಮೂರು ಕಡೆ ಚಪ್ಪಡಿಯ ಗೋಡೆ ಕಟ್ಟಿ ಒಂದು ಬದಿ ತೆರೆದಿಟ್ಟ ಕೋಣೆಗಳು. ನಾಲ್ಕೂ ಕಡೆ ಮುಚ್ಚಿ, ಒಂದು ಗೋಡೆಯಲ್ಲಿ ದುಂಡನೆಯ ಕಂಡಿ ಕೊರೆದ ಕೋಣೆಗಳು. ಎಲ್ಲದರ ಮೇಲೂ ಒಂದೇ ಚಪ್ಪಡಿಯ ಸೂರು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ, ಇನ್ನು ಕೆಲವಕ್ಕೆ ಮೂರು ಮೀಟರ್‌ವರೆಗೂ ಎತ್ತರ. ಕೆಲವು ಸಾಲಾಗಿವೆ, ಕೆಲವು ಗುಂಪಾಗಿವೆ. ನಡುವೆ ನಡೆದಾಡುವಾಗ ಓಣಿಯಲ್ಲಿ ಸಾಗಿದ ಹಾಗಾಗುತ್ತದೆ. ಇವನ್ನು ಮನೆಗಳೆಂದು ಕರೆದ ಜನರ ಕಣ್ಣು ತಪ್ಪಿಲ್ಲ ಅನ್ನಿಸಿತು.

“ಮೋರೇರು ಅಂದ್ರ ಗಿಡ್ಡ ಮನಷ್ಯಾರು. ಮೂರು ಮಳ ಎತ್ತರ ಅಷ್ಟ. ಆದ್ರ ಶಕ್ತಿ ನೋಡು, ಇಂಥಾ ಹಾಸುಗಲ್ಲು ಎತ್ತಿ ಮ್ಯಾಲಿಟ್ಟಾರ,” ಎಂದರು ಅಜ್ಜ. ಕಂಡಿಯೊಂದಕ್ಕೆ ಕೈ ತೋರಿಸಿ, “ಇದು ಅವ್ರ ಬಾಗ್ಲಾ. ನಾವು ಹೊಕ್ಕಾಕ ಆಗೂದಿಲ್ಲ. ಅವ್ರಿಗೆ ಸರಿಯಾಗ್ತಿತ್ತು” ಎಂದು ವಿವರಿಸಿದರು.

ಹೊರಗಿನವರ ಕಣ್ಣಿಗೆ ಬಿದ್ದದ್ದು

ಈ ಕಥೆಯನ್ನು ಹೊರಗಿನವರು ಕೇಳಿದ್ದು ಇದೇ ಮೊದಲಲ್ಲ. ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಈ ನೆಲೆಯನ್ನು 1835ರಲ್ಲಿ ಗುರುತಿಸಿದರು. ಆಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಟೇಲರ್ ಹದಿಹರೆಯದಲ್ಲೇ ಭಾರತಕ್ಕೆ ಬಂದವರು. ಮುಂದೆ ಸುರಪುರ ಸಂಸ್ಥಾನದಲ್ಲಿ ಆಡಳಿತಾಧಿಕಾರಿಯಾಗಿ, ಎಳೆಯ ದೊರೆ ವೆಂಕಟಪ್ಪ ನಾಯಕನನ್ನು ಮಗನಂತೆ ಬೆಳೆಸಿದರೆಂದು ಕನ್ನಡಿಗರು ಬಲ್ಲರು. ಅದೇ ಟೇಲರ್ ಸುರಪುರ ಸೀಮೆಯ ರಾಜನಕೋಳೂರಿನ ಕಲ್ಗೋರಿಗಳನ್ನು ನೋಡಿದರು, ಭೀಮಾ ತೀರದ ಜೇವರ್ಗಿಯಲ್ಲಿ ಶಿಲಾಗೋರಿಗಳನ್ನು ಅಗೆಸಿದರು, ಕಂಡದ್ದನ್ನು ಬರೆದು ಪ್ರಕಟಿಸಿದರು. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಇರುವಂಥ ಕಲ್ಗೋರಿಗಳು ದಖ್ಖನ್ನಿನಲ್ಲೂ ಇವೆ ಎಂಬ ಸಂಗತಿ ಯುರೋಪಿನ ವಿದ್ವಾಂಸರಿಗೆ ಹೀಗೆ ತಲುಪಿತು. ಇವು ಕುಬ್ಜರು ಕಟ್ಟಿದ ಮನೆಗಳೆಂಬ ಜನರ ನಂಬಿಕೆಯನ್ನೂ ಟೇಲರ್ ದಾಖಲಿಸಿದರು.

ಟೇಲರ್‌ಗೆ ಈ ಬೆಟ್ಟದ ಜಾಡು ತೋರಿಸಿದವರು ಯಾರು? ಕಲ್ಲುಗಳಿಗೆ ಇಂಥ ಹೆಸರಿದೆ, ಇಂಥ ಕಥೆಯಿದೆ ಎಂದು ಹೇಳಿದವರು ಇದೇ ನೆಲದ ಹಳ್ಳಿಗರೇ ಆಗಿರಬೇಕು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾವು ‘ಸಂಶೋಧಿಸಲಾಯಿತು’ ಎಂದು ಬರೆಯುವ ಬಹುಪಾಲು ನೆಲೆಗಳು ಊರವರಿಗೆ ಎಂದೂ ಕಳೆದುಹೋಗಿರಲೇ ಇಲ್ಲ. ಅಜ್ಜನ ಹಿಂದೆ ಬೆಟ್ಟ ಹತ್ತುವಾಗ ನನಗೆ ಹೊಳೆದ ಮೊದಲ ಸತ್ಯ ಇದು.

ಆಮೇಲೆ ಬಂದ ವಿದ್ವಾಂಸರು ಈ ಕಾಲದ ಚಿತ್ರವನ್ನು ಸ್ಪಷ್ಟಗೊಳಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದರು. ಕೆಳಗೆ ಕಲ್ಲುಕೊಡಲಿಯ ಕಾಲ, ಅದರ ಮೇಲೆ ಕಬ್ಬಿಣ ಮತ್ತು ಕಲ್ಗೋರಿಗಳ ಕಾಲ, ಅದಕ್ಕೂ ಮೇಲೆ ಐತಿಹಾಸಿಕ ಕಾಲ. ಹೀಗೆ ದಕ್ಷಿಣದ ಪ್ರಾಗಿತಿಹಾಸಕ್ಕೆ ಒಂದು ಕ್ರಮ ಸಿಕ್ಕಿತು. ರೇಮಂಡ್ ಆಲ್ಚಿನ್ ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದರು. ನಮ್ಮವರೇ ಆದ ಅ. ಸುಂದರ ಅವರು ಕರ್ನಾಟಕದ ಕಲ್ಗೋರಿಗಳನ್ನು ಊರೂರು ಅಲೆದು ಅಳೆದು, ಅವುಗಳ ಬಗೆಗಳನ್ನು ವಿಂಗಡಿಸಿ 1975ರಲ್ಲಿ ಗ್ರಂಥ ಹೊರತಂದರು. ಈಚಿನ ದಶಕಗಳಲ್ಲಿ ಅಮೆರಿಕದ ಪುರಾತತ್ವಜ್ಞ ಆಂಡ್ರ್ಯೂ ಬಾವರ್ ಹಿರೇಬೆಣಕಲ್ಲನ್ನೇ ಕೇಂದ್ರವಾಗಿಟ್ಟುಕೊಂಡು ಇಲ್ಲಿಯ ಕಲ್ಲು, ನೀರು, ವಸತಿಗಳ ನಂಟನ್ನು ಅಧ್ಯಯನ ಮಾಡಿದ್ದಾರೆ.

ಕಟ್ಟಿದವರು ಮೂರು ಮಳದವರೇ?

ಕಟ್ಟಿದವರು ಕುಬ್ಜರಲ್ಲ, ನಮ್ಮಂಥವರೇ. ಇವು ಬದುಕಿದ್ದವರ ಮನೆಗಳಲ್ಲ, ಸತ್ತವರ ನೆನಪಿಗೆ ಎದ್ದವು. ಕಾಲ ಕ್ರಿಸ್ತಪೂರ್ವ 800ರಿಂದ ಕ್ರಿಸ್ತಪೂರ್ವ 200ರ ನಡುವೆ ಎಂದು ಅಂದಾಜು. ಅಶೋಕನ ಶಾಸನ ಕೊಪ್ಪಳದ ಬಂಡೆಗೆ ಬೀಳುವ ಹೊತ್ತಿಗೆ ಇಲ್ಲಿಯ ಬಹಳಷ್ಟು ಗೋರಿಗಳು ಆಗಲೇ ಹಳೆಯವಾಗಿದ್ದವು.

ಈ ಜನ ಎಲ್ಲಿಂದಲೋ ದಿಢೀರನೆ ಬಂದು ಇಳಿದವರೂ ಅಲ್ಲ. ಅವರಿಗಿಂತ ಸಾವಿರಾರು ವರ್ಷ ಮೊದಲೇ ತುಂಗಭದ್ರೆಯ ಎರಡೂ ಬದಿಗೆ ದನಕರು, ಕುರಿ, ಮೇಕೆ ಸಾಕುವವರು ನೆಲೆಸಿದ್ದರು. ಬಳ್ಳಾರಿ ಬಳಿಯ ಕುಡತಿನಿಯಲ್ಲಿರುವ ಬೂದಿದಿಬ್ಬ ಅವರದೇ. ದನಗಳ ಸಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿ ಅದು ಎಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅವರು ಬೆಳೆದ ಧಾನ್ಯಗಳ ಪಟ್ಟಿ ನೋಡಿ: ಹುರುಳಿ, ಹೆಸರು, ಕೊರಲೆ. ಇವು ಇಂದಿಗೂ ಈ ನಾಡಿನ ಅಡುಗೆಮನೆ ಬಿಟ್ಟು ಹೋಗಿಲ್ಲ. ಆಮೇಲೆ ಕಬ್ಬಿಣ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಕಾಲವನ್ನು ಸುಮಾರು ಕ್ರಿಸ್ತಪೂರ್ವ 1000ಕ್ಕೆ ಒಯ್ಯಲಾಯಿತು. ದಕ್ಷಿಣದ ಕಬ್ಬಿಣಯುಗ ಉತ್ತರದ ಬಾಲ ಹಿಡಿದು ಬಂದದ್ದೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಕಲ್ಲು ಎತ್ತಿದ ಬಗೆಯೂ ಊಹೆಗೆ ನಿಲುಕದ್ದಲ್ಲ. ಗ್ರಾನೈಟ್ ಬಂಡೆಯ ಮೇಲ್ಮೈ ಬಿಸಿಲು, ಚಳಿಗೆ ಹಿಗ್ಗಿ ಕುಗ್ಗಿ, ಪದರ ಪದರವಾಗಿ ಎದ್ದು ಬರುತ್ತದೆ. ಆ ಗುಣವನ್ನು ಅವರು ಚೆನ್ನಾಗಿ ಅರಿತಿದ್ದರು. ಬಿರುಕು ಬಿಟ್ಟ ಪದರವನ್ನು ಎಬ್ಬಿಸಿ, ಅಂಚನ್ನು ಬಡಿದು ನೇರ ಮಾಡಿ, ಬೇಕಾದ ಅಳತೆಗೆ ತಂದರು. ಬೆಟ್ಟದ ಮೇಲೆ ಕಲ್ಲು ಎಬ್ಬಿಸಿದ ಜಾಗಗಳು ಈಗಲೂ ಕಾಣುತ್ತವೆ. ಗೋರಿಗಳ ಪಕ್ಕದಲ್ಲೇ ದೊಡ್ಡದೊಂದು ಕೊಳವಿದೆ. ಕಲ್ಲು ತೆಗೆದ ಹಳ್ಳವನ್ನೇ ನೀರು ನಿಲ್ಲುವಂತೆ ಮಾಡಿಕೊಂಡರೆಂದು ತಜ್ಞರ ಅಭಿಪ್ರಾಯ.

ಆ ಕೊಳದ ಬಗ್ಗೆ ಅಜ್ಜನಿಗೆ ಗೊತ್ತಿದ್ದದ್ದು ಬೇರೆ ಬಗೆಯ ತಿಳಿವು. “ಕೆಳಗ ಎಲ್ಲಾ ಒಣಗಿದ್ರೂ ಇಲ್ಲಿ ನೀರು ಇರ್ತೈತಿ. ನಮ್ಮಪ್ಪಾರು ಬ್ಯಾಸಗ್ಯಾಗ ಕುರಿ ಇಲ್ಲಿಗೇ ಹೊಡ್ಕೊಂಡು ಬರ್ತಿದ್ರು. ಮೋರೇರೂ ಕುರಿ ಕಾಯ್ತಿದ್ರೋ ಏನೋ,” ಎಂದರು. ಬೇಸಿಗೆಯಲ್ಲಿ ನೀರಿರುವ ಬೆಟ್ಟದ ನೆತ್ತಿಗೆ ಹಿಂಡಿನೊಂದಿಗೆ ಬರುವ ಜನ, ಅಲ್ಲಿಯೇ ತಮ್ಮ ಹಿರಿಯರ ನೆನಪನ್ನು ಕಲ್ಲಾಗಿ ನಿಲ್ಲಿಸುವುದು. ಈ ಚಿತ್ರ ಕಣ್ಮುಂದೆ ಬಂದಾಗ ಗೋರಿಗಳು ಇಷ್ಟು ಎತ್ತರದಲ್ಲಿ ಯಾಕಿವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ನೀರು, ಮೇವು, ಹಿರಿಯರು, ಈ ಮೂರೂ ಒಂದೆಡೆ ಕೂಡುವ ಜಾಗ ಯಾವ ಪಶುಪಾಲಕ ಜನಕ್ಕೂ ಪವಿತ್ರವೇ.

ಕೆಂಪು ಗೆರೆ, ಕಲ್ಲಿನ ನಗಾರಿ

ಬೆಟ್ಟದ ಬಂಡೆಗಳ ಮರೆಯಲ್ಲಿ ಕಲ್ಲಾಸರೆಗಳಿವೆ. ಅಜ್ಜ ಬಗ್ಗಿ ಒಳಗೆ ಹೋಗಿ, ಅಂಗೈಯಿಂದ ಬೆಳಕಿಗೆ ಮರೆಮಾಡಿ ತೋರಿಸಿದರು. ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರು. ಕೈ ಕೈ ಹಿಡಿದು ಕುಣಿಯುವವರ ಸಾಲು, ಆಯುಧ ಹಿಡಿದವರು, ಜಿಂಕೆ, ಕುದುರೆ. ಹಲವು ಕಲ್ಲಾಸರೆಗಳಲ್ಲಿ ಇಂಥ ಚಿತ್ರಗಳು ಉಳಿದಿವೆ. ಗೋರಿ ನೋಡಿ ಇಲ್ಲಿಗೆ ಬಂದವನಿಗೆ ಈ ಕುಣಿತ ದೊಡ್ಡ ಸಮಾಧಾನ ಕೊಡುತ್ತದೆ. ಸತ್ತವರಿಗಾಗಿ ಅಷ್ಟು ಕಲ್ಲು ಹೊತ್ತ ಜನ ಬದುಕಿದ್ದಾಗ ಹೇಗಿದ್ದರೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ಬೇರೆ ಸಿಗಲಾರದು.

ಇನ್ನೊಂದು ಸೋಜಿಗ, ನಗಾರಿ ಕಲ್ಲು. ಹತ್ತು ಮೀಟರ್‌ನಷ್ಟು ಎತ್ತರದ ಬಂಡೆಯ ಮೇಲೆ ಅರೆಗೋಲದ ಆಕಾರದ ಭಾರಿ ಕಲ್ಲೊಂದು ಕೂತಿದೆ. ಮರದ ಕೊಡತಿಯಿಂದ ಬಡಿದರೆ ಅದರ ದನಿ ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದೆ ಎನ್ನುತ್ತಾರೆ. ದನಿ ಕೊಡುವ ಬಂಡೆಗಳು ಈ ಸೀಮೆಗೆ ಹೊಸತಲ್ಲ. ಬಳ್ಳಾರಿಯ ಸಂಗನಕಲ್ಲು ಹತ್ತಿರದ ಕಪ್ಪಗಲ್ಲು ಬೆಟ್ಟದಲ್ಲೂ ಶಿಲಾಯುಗದ ಜನ ಬಡಿದು ನಾದ ಎಬ್ಬಿಸುತ್ತಿದ್ದ ಬಂಡೆಗಳಿವೆ. ಜನರನ್ನು ಕೂಡಿಸಲು, ಅಪಾಯ ತಿಳಿಸಲು, ಅಂತ್ಯಕ್ರಿಯೆಯ ವಿಧಿಗೆ, ಯಾವುದಕ್ಕೂ ಇಂಥ ದನಿ ಒದಗಿರಬಹುದು. ನಾವು ಅದನ್ನು ಬಡಿಯಲಿಲ್ಲ. “ಬಂದವ್ರೆಲ್ಲಾ ಬಡದ್ರ ಕಲ್ಲು ಉಳೀತೈತೇನು?” ಎಂದ ಅಜ್ಜನ ಮಾತು ಯಾವ ಇಲಾಖೆಯ ಫಲಕಕ್ಕೂ ತಕ್ಕದ್ದು.

ಕಥೆ ಕಾಪಾಡಿದ್ದೇನು?

ಮೋರೇರ ಕಥೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಅಕ್ಷರವಿಲ್ಲದ ಒಂದು ಕಾಲದ ಬಗ್ಗೆ ಆ ಕಥೆ ಮೂರು ಮಾತು ಹೇಳುತ್ತದೆ. ಇವನ್ನು ಮನುಷ್ಯರು ಕಟ್ಟಿದರು. ಅವರು ನಮಗೆ ಗೊತ್ತಿರುವ ಎಲ್ಲ ಅರಸರಿಗಿಂತ ಹಿಂದಿನವರು. ಇವು ಅವರ ಮನೆಗಳು, ಆದ್ದರಿಂದ ಕೆಡವಬಾರದು. ಮೊದಲ ಎರಡನ್ನು ಪುರಾತತ್ವ ಶಾಸ್ತ್ರವೂ ಒಪ್ಪುತ್ತದೆ. ಮೂರನೆಯದು ಶಾಸ್ತ್ರಕ್ಕೂ ಕಾನೂನಿಗೂ ಮೊದಲೇ ಈ ಬೆಟ್ಟವನ್ನು ಕಾಯ್ದ ಮಾತು. ಎರಡು ಸಾವಿರ ವರ್ಷ ಇಲ್ಲಿ ಕಾವಲುಗಾರನಿರಲಿಲ್ಲ, ಬೇಲಿಯಿರಲಿಲ್ಲ. ಮನೆ ಕಟ್ಟಲು ಸಿದ್ಧ ಚಪ್ಪಡಿ ನಾನೂರು ಕಡೆ ನಿಂತಿದ್ದರೂ ಹಳ್ಳಿಗರು ಹೊತ್ತೊಯ್ಯಲಿಲ್ಲ. ಕಥೆ ಅವರ ಕೈ ತಡೆಯಿತು ಎಂದೇ ನಾನು ನಂಬುತ್ತೇನೆ.

ಕಥೆಯನ್ನು ನಂಬದವರು ಬಂದ ಮೇಲೆ ಹಾನಿ ಶುರುವಾಯಿತು. ಗೋರಿಯ ತಳದಲ್ಲಿ ಬಂಗಾರವಿದೆ ಎಂಬ ದುರಾಸೆಗೆ ನಿಧಿಗಳ್ಳರು ಹಲವು ಕೋಣೆಗಳನ್ನು ಕೆಡವಿ ಅಗೆದಿದ್ದಾರೆ. ಚಪ್ಪಡಿಗಳು ಮಗುಚಿ ಬಿದ್ದಿವೆ, ಕೆಲವು ಎರಡು ತುಂಡಾಗಿವೆ. ಈ ಕಾಲದ ಗೋರಿಗಳಲ್ಲಿ ಸಿಗುವುದು ಎಲುಬು, ಕಪ್ಪು-ಕೆಂಪು ಬಣ್ಣದ ಮಡಕೆ, ಕಬ್ಬಿಣದ ಸಾಮಾನು, ಮಣಿಗಳು. ವಿದ್ವಾಂಸರಿಗೆ ಅವು ಬಂಗಾರಕ್ಕಿಂತ ಹೆಚ್ಚು. ಕಳ್ಳನಿಗೆ ಬೇಡವಾದ ಆ ಮಡಕೆಯ ಚೂರು ಮಣ್ಣಿನ ಪದರದಿಂದ ಒಮ್ಮೆ ಕದಲಿದರೆ ಅದು ಹೇಳಬಹುದಾಗಿದ್ದ ಮಾತು ಶಾಶ್ವತವಾಗಿ ಹೋಯಿತು.

ಬೆಟ್ಟದಿಂದ ಇಳಿದು ಚಹಾದಂಗಡಿಗೆ ಮರಳಿದಾಗ ಊರಿನ ನಾಲ್ಕಾರು ಮಂದಿ ಕೂಡಿದ್ದರು. ಅಗೆದವರ ಬಗ್ಗೆ ಅವರ ಸಿಟ್ಟು ಮಾತುಮಾತಿಗೆ ಹೊರಬರುತ್ತಿತ್ತು. “ರಾತ್ರಿ ಬರ್ತಾರ, ಹಾರಿ-ಗುದ್ದಲಿ ತರ್ತಾರ. ನಾವು ಹೊಲ ಬಿಟ್ಟು ಅಲ್ಲೇ ಮಲಗಾಕ ಆಗ್ತೈತೇನ್ರಿ?” ಎಂದರು ಒಬ್ಬರು. ಇನ್ನೊಬ್ಬ ಯುವಕ, “ನಮ್ಮನ್ನ ಕಾಯಾಕ ಇಟ್ಟು ಪಗಾರ ಕೊಡ್ಲಿ, ದಾರಿ ತೋರ್ಸಾಕ ಹಚ್ಲಿ. ಒಂದು ಕಲ್ಲೂ ಅಲುಗಂಗಿಲ್ಲ” ಎಂದ. ನನಗೆ ಅದಕ್ಕಿಂತ ಒಳ್ಳೆಯ ಯೋಜನೆ ತೋಚುವುದಿಲ್ಲ.

ಪಟ್ಟಿಗೆ ಸೇರಿದ್ದಾಯಿತು, ಮುಂದೆ?

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಅದೇ ವರ್ಷ ವಾರಾಣಸಿಯ ಘಾಟುಗಳು, ಕಾಂಚೀಪುರದ ದೇಗುಲಗಳು ಕೂಡ ಆ ಪಟ್ಟಿಗೆ ಬಂದವು. ಅವುಗಳ ಸಾಲಿನಲ್ಲಿ ಕೊಪ್ಪಳದ ಒಂದು ಹಳ್ಳಿಯ ಬೆಟ್ಟ ಸೇರಿದ್ದು ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಆದರೆ ತಾತ್ಕಾಲಿಕ ಪಟ್ಟಿ ಎಂಬುದು ಹೊಸ್ತಿಲು ಮಾತ್ರ. ಅಲ್ಲಿಂದ ಮುಂದಕ್ಕೆ ಹೋಗಲು ನೆಲೆಯ ಪೂರ್ತಿ ದಾಖಲೆ, ಗಡಿ ಗುರುತು, ಕಾವಲು, ನಿರ್ವಹಣೆಯ ಯೋಜನೆ ಎಲ್ಲವೂ ಬೇಕು.

ನೆರೆಯ ಹಂಪಿ ಈ ಮಾತಿಗೆ ದೊಡ್ಡ ಪಾಠ. ಅದು 1986ರಲ್ಲೇ ವಿಶ್ವ ಪರಂಪರೆಯ ತಾಣವಾಯಿತು. ಅದರಿಂದ ಸ್ಮಾರಕಗಳಿಗೆ ರಕ್ಷಣೆ ಸಿಕ್ಕಿತು, ಜಗತ್ತಿನ ಗಮನ ಸಿಕ್ಕಿತು. ಆದರೆ ಹಂಪಿ ಬಜಾರಿನಲ್ಲಿ ಬಾಳುತ್ತಿದ್ದ ಕುಟುಂಬಗಳು 2011ರಲ್ಲಿ ಮನೆ, ಅಂಗಡಿ ಕಳೆದುಕೊಂಡವು. ಹಿರೇಬೆಣಕಲ್ಲಿನಲ್ಲಿ ಹಾಗಾಗಕೂಡದು. ಕುರಿಗಾಹಿಯ ಕಾಲುದಾರಿ ಮುಚ್ಚಿ, ಪೇಟೆಯಿಂದ ಬಂದ ಗುತ್ತಿಗೆದಾರನಿಗೆ ಟಿಕೆಟ್ ಕಿಟಕಿ ತೆರೆದರೆ ಅದು ರಕ್ಷಣೆ ಆಗುವುದಿಲ್ಲ. ಬೆಟ್ಟದ ನೆತ್ತಿಗೆ ರಸ್ತೆ ಕೊರೆಯುವ ಆಸೆಯೂ ಬೇಡ. ನಡೆದು ಹತ್ತಬೇಕಾದ ಕಷ್ಟವೇ ಈ ನೆಲೆಯನ್ನು ಇಷ್ಟು ಕಾಲ ಉಳಿಸಿದೆ.

ಮಾಡಬೇಕಾದದ್ದು ಸರಳ. ಊರಿನ ಯುವಕ, ಯುವತಿಯರಿಗೆ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ, ಕಾವಲುಗಾರರನ್ನಾಗಿ ನೇಮಿಸುವುದು. ಪ್ರತಿಯೊಂದು ಕಲ್ಗೋರಿಗೂ ಸಂಖ್ಯೆ ಕೊಟ್ಟು ಚಿತ್ರ ತೆಗೆದು ದಾಖಲಿಸುವುದು. ಬಿದ್ದ ಚಪ್ಪಡಿಗಳನ್ನು ತಜ್ಞರ ಕಣ್ಗಾವಲಿನಲ್ಲಿ ಮತ್ತೆ ನಿಲ್ಲಿಸುವುದು. ಹಿರಿಯರ ಬಾಯಲ್ಲಿರುವ ಮೋರೇರ ಕಥೆಗಳನ್ನು ಅವರು ಇರುವಾಗಲೇ ಧ್ವನಿಮುದ್ರಿಸಿಕೊಳ್ಳುವುದು. ಕೊಪ್ಪಳ, ಗಂಗಾವತಿಯ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆಯಾದರೂ ಈ ಬೆಟ್ಟ ಹತ್ತುವಂತೆ ಮಾಡುವುದು. ಇದಕ್ಕೆ ಬೇಕಾದದ್ದು ಕೋಟಿಗಳ ಕಾಮಗಾರಿಗಿಂತ ಹೆಚ್ಚಾಗಿ ಮನಸ್ಸು.

ನೋಡಬಯಸುವವರು ಚಳಿಗಾಲದಲ್ಲಿ, ಬೆಳಗಿನ ಹೊತ್ತು ಹೊರಡಿ. ಹೊಸಪೇಟೆಯಿಂದ ಸುಮಾರು 35 ಕಿಲೋಮೀಟರ್. ಬೆಟ್ಟದ ಮೇಲೆ ಅಂಗಡಿಯಿಲ್ಲ, ನೆರಳು ಕಡಿಮೆ. ನೀರು, ಬುತ್ತಿ ಜೊತೆಗಿರಲಿ. ಊರಿನವರೊಬ್ಬರನ್ನು ಕರೆದುಕೊಂಡೇ ಹತ್ತಿ, ಅವರ ದಿನದ ದುಡಿಮೆಗೆ ತಕ್ಕ ಹಣ ಕೊಡಿ. ಕಲ್ಗೋರಿಯ ಮೇಲೆ ಹತ್ತಬೇಡಿ, ಚಿತ್ರಗಳನ್ನು ಮುಟ್ಟಬೇಡಿ, ಅವುಗಳಿಗೆ ನೀರು ಚಿಮುಕಿಸಬೇಡಿ. ಮಡಕೆಯ ಚೂರು ಕಂಡರೆ ಅಲ್ಲಿಯೇ ಬಿಡಿ. ಹಂಪಿಗೆ ಮುಂದಿನ ಸಲ ಹೊರಟಾಗ ಒಂದು ದಿನವನ್ನು ಹಿರೇಬೆಣಕಲ್ಲಿಗೆ ಎತ್ತಿಡಿ. ದಾರಿಯಲ್ಲಿ ಸಿಕ್ಕವರು ಮಾತಿಗೆ ಕರೆದರೆ ನಿಂತು ಕೇಳಿ. ಈ ನಾಡಿನ ಇನ್ನೂ ಅದೆಷ್ಟೋ ಬೆಟ್ಟಗಳ ಇತಿಹಾಸ ಅವರಿಗೆ ಗೊತ್ತಿದೆ.